ಸೀಡಿಯಾದ ಬುಷ್, ಮಿಲ್ಲಿನ ರಬ್ಬರ್ ರೋಲ್

ಹೊಸಪೇಟೆಯಿಂದ ಕೊಪ್ಪಳದ ಕಡೆ ಬರುವಾಗ ಗಿಣಿಗೇರಾ ಹತ್ತಿರ ಮುಂದಿದ್ದ ಅದಿರು ಲಾರಿ ಗಕ್ಕನೆ ನಿಂತಿತು. ನಾನೂ ಬ್ರೇಕ್ ತುಳಿದೆ. ಕಾರು ನಿಂತಿತು, ಆದರೆ ನಿಲ್ಲುವ ಮೊದಲು ಒಂದು ಮೊಳ ಎಡಕ್ಕೆ ಸರಿದು ನಿಂತಿತು. ಸ್ಟೀರಿಂಗ್ ನೇರವಾಗೇ ಹಿಡಿದಿದ್ದೆ.

ನನ್ನದು 2007ರ ಮಿತ್ಸುಬಿಷಿ ಲ್ಯಾನ್ಸರ್ ಸೀಡಿಯಾ. ನಾಲ್ಕು ಬಾಗಿಲಿನ ಕಾರಿಗೆ ಸ್ಪೋರ್ಟ್ಸ್ ಕಾರು ಅನ್ನಬಹುದೇ ಎಂದು ವಾದ ಮಾಡುವವರು ಮಾಡಲಿ. ಎರಡು ಲೀಟರ್ ಇಂಜಿನ್, 115 ಕುದುರೆಗಳ ಬಲ, ಹಿಂದಿನ ಚಕ್ರ ಹಿಡಿಯಲು ಹಲವು ತೋಳುಗಳ ಮಲ್ಟಿಲಿಂಕ್ ಸಸ್ಪೆನ್ಷನ್, ನಮ್ಮ ದೇಶದ ರ‍್ಯಾಲಿಗಳಲ್ಲಿ ಧೂಳೆಬ್ಬಿಸಿದ ಹೆಸರು; ನನಗೆ ಅಷ್ಟು ಸಾಕು. ತಿರುವಳ್ಳೂರಿನ ಕಾರ್ಖಾನೆಯಲ್ಲಿ ಇದರ ತಯಾರಿಕೆ ನಿಂತು ಹತ್ತು ವರ್ಷ ದಾಟಿದೆ. ಕೊಳ್ಳುವಾಗಲೇ ಮನೆಯಾಕೆ ಹೇಳಿದ್ದಳು, "ಸಾಮಾನ ಸಿಗಲಾರದ ಗಾಡಿ ಯಾಕ್ರಿ?" ಅಂತ. ಅವಳ ಮಾತು ನಿಜವಾಗುವ ಕಾಲ ಬಂದಿತ್ತು.

ಮೊದಲು ನೋಡಿದ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದ. ಜೋಡಿ ಬದಲಾಯಿಸಿದೆ. ಗುಂಡಿಯಲ್ಲಿ 'ಟಕ್' ಅನ್ನುವ ಸದ್ದು ಹಾಗೇ ಇತ್ತು. ವೀಲ್ ಅಲೈನ್‌ಮೆಂಟ್ ಮೂರು ಸಲ ಆಯಿತು, ಮೂರು ಸಲವೂ ತಿಂಗಳೊಳಗೆ ತಪ್ಪಿತು, ಟಯರ್ ಒಳಗಿನ ಅಂಚು ಬೋಳಾಗುತ್ತ ಹೋಯಿತು. ಕೊನೆಗೆ ನಾನೇ ಕಾರಿನ ಕೆಳಗೆ ತೂರಿ, ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಹಿಡಿದಿಡುವ ತೋಳಾದ ಲೋಯರ್ ಆರ್ಮ್‌ನ ಹಿಂದಿನ ದೊಡ್ಡ ಬುಷ್, ಅಂದರೆ ಕೀಲಿನಲ್ಲಿ ಕೂರುವ ರಬ್ಬರಿನ ಬಳೆ, ಅದರ ಹತ್ತಿರ ಸಣ್ಣ ಹಾರೆ ಕೊಟ್ಟು ಮೀಟಿದೆ. ತೋಳು ಹಳೇ ಬಾಗಿಲಿನ ಕೀಲಿನಂತೆ ಅಲ್ಲಾಡಿತು. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಎಳೆಯುತ್ತದೆ, ಅದನ್ನು ತಡೆಯಬೇಕಾದ ರಬ್ಬರೇ ಹರಿದಿದ್ದರೆ ಆ ಬದಿಯ ಚಕ್ರ ತಿರುಗಿಕೊಳ್ಳುತ್ತದೆ. ಕಾರು ಎಡಕ್ಕೆ ಸರಿದದ್ದು ಅದಕ್ಕೇ.

ಅವಸರಕ್ಕೆ ಸಿಕ್ಕ ಅಗ್ಗದ ಡೂಪ್ಲಿಕೇಟ್ ಆರ್ಮ್ ಜೋಡಿ ತಂದು ಹಾಕಿಸಿದೆ. ಏಳು ತಿಂಗಳಿಗೆ ಮತ್ತೆ ಅದೇ 'ಟಕ್'. ಈ ಸಲ ಸುಮ್ಮನೆ ಹಾಕಿಸುವುದು ಬೇಡ, ನೋಡಿ ಆರಿಸೋಣ ಅಂದುಕೊಂಡೆ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು. ಕಾರಿನ ವಿದ್ಯೆ ಅಷ್ಟಕ್ಕಷ್ಟೆ, ರಬ್ಬರಿನ ಸಹವಾಸ ಮಾತ್ರ ದಿನಾ. ಭತ್ತ ಸುಲಿಯುವ ಯಂತ್ರದಲ್ಲಿ ಎರಡು ರಬ್ಬರ್ ರೋಲು ಎದುರುಬದುರು ತಿರುಗುತ್ತವೆ, ಒಂದು ಜೋರು, ಇನ್ನೊಂದು ನಿಧಾನ. ಆ ವೇಗದ ವ್ಯತ್ಯಾಸಕ್ಕೇ ಹೊಟ್ಟು ಬಿಡುವುದು. ರೋಲು ಮೆತ್ತಗಿದ್ದರೆ ಬೇಗ ಸವೆಯುತ್ತದೆ, ಅತಿ ಗಟ್ಟಿಯಾದರೆ ನುಚ್ಚು ಜಾಸ್ತಿ. ಅದಕ್ಕೆ ನಮ್ಮಲ್ಲಿ ಗಟ್ಟಿತನ ಅಳೆಯುವ ಒಂದು ಕೈ ಮೀಟರ್ ಇದೆ. ಸೂಜಿಯನ್ನು ರಬ್ಬರಿಗೆ ಒತ್ತಿದರೆ ಶೋರ್ ಎ ಅಳತೆಯಲ್ಲಿ ಅಂಕಿ ತೋರಿಸುತ್ತದೆ; ಅಂಕಿ ಹೆಚ್ಚಿದಷ್ಟೂ ರಬ್ಬರು ಗಟ್ಟಿ. ಬುಷ್‌ನಂಥ ಸಣ್ಣ, ಗುಂಡಗಿನ ವಸ್ತುವಿಗೆ ಆ ಅಂಕಿ ಕರಾರುವಾಕ್ಕಲ್ಲ, ಒಂದಕ್ಕೊಂದು ಹೋಲಿಸಲು ಸಾಕು.

ಕಾರಿನ ಜೊತೆ ಬಂದಿದ್ದ ಹಳೇ ಬುಷ್ 75 ತೋರಿಸಿತು. ಬಿಸಿಲು, ಇಂಜಿನ್ ಶಾಖ, ವಯಸ್ಸು ಸೇರಿ ಒಣಗಿ ಗಟ್ಟಿಯಾಗಿತ್ತು, ಮೈತುಂಬ ಸೀಳು. ಕಂಪನಿ ಪೆಟ್ಟಿಗೆಯಲ್ಲಿ ಬಂದ ಹೊಸ ಬುಷ್ 60ರ ಆಸುಪಾಸು. ಪರಿಚಯದ ಹುಡುಗನೊಬ್ಬ ತಂದುಕೊಟ್ಟ ಪಾಲಿಯುರೆಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್, ಬಾಯಿಮಾತಿಗೆ ಪಾಲಿ) ಬುಷ್ ಮಾತ್ರ 90. ನಮ್ಮ ರೋಲೂ ಹೆಚ್ಚುಕಡಿಮೆ ಅಷ್ಟೇ! ಭತ್ತದ ಹೊಟ್ಟು ಬಿಡಿಸುವಷ್ಟು ಗಟ್ಟಿಯಾದದ್ದನ್ನು ಕಾರಿನ ಕೀಲಿಗೆ ಇಟ್ಟರೆ ರಸ್ತೆಯ ಪ್ರತಿ ಗುಂಡಿಯೂ ಬೆನ್ನಿಗೆ ಬರುತ್ತದೆ.

ಹಾಗಂತ ಪಾಲಿ ಕೆಟ್ಟದ್ದಲ್ಲ. ರಬ್ಬರ್ ಬುಷ್‌ನಲ್ಲಿ ಹೊರಗೊಂದು ಕಬ್ಬಿಣದ ಚಿಪ್ಪು, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರು. ಎಲ್ಲೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ವಾಪಸು ಬರುತ್ತದೆ. ಪಾಲಿ ಅಂಟಿರುವುದಿಲ್ಲ, ಕೊಳವೆಯ ಸುತ್ತ ತಿರುಗುತ್ತದೆ. ಒಂದೇ ದಿಕ್ಕಿಗೆ ತಿರುಗುವ ಜಾಗಕ್ಕೆ ಅದು ಸೊಗಸು. ಲೋಯರ್ ಆರ್ಮ್‌ನ ದೊಡ್ಡ ಬುಷ್, ಹಿಂದಿನ ಚಕ್ರ ಹಿಡಿಯುವ ಟ್ರೇಲಿಂಗ್ ಆರ್ಮ್‌ನ ಬುಷ್ ತಿರುಗುವುದರ ಜೊತೆಗೆ ಓರೆಯಾಗಿಯೂ ಬಾಗಬೇಕು. ಅಲ್ಲಿ ಪಾಲಿ ಬಿಗಿಹಿಡಿದು ಜಗಳ ಆಡುತ್ತದೆ. ಅದಕ್ಕೇ ಆರ್ಮ್‌ಗೆ ಕಂಪನಿ ರಬ್ಬರು, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರ್ ಹಿಡಿಯುವ ಡಿ ಆಕಾರದ ಬುಷ್‌ಗಳಿಗೆ ಮಾತ್ರ ಪಾಲಿ ಅಂತ ನಿರ್ಧಾರ ಮಾಡಿದೆ. ಲೇತ್ ಯಂತ್ರದ ಕೆಲಸ ಮಾಡುವ ಪರಿಚಯದ ಚಾಚಾ ಮೂರನೇ ದಾರಿ ತೋರಿಸಿದ್ದರು: "ನೈಲಾನ್ ರಾಡ್ ಐತಿ, ಒಂದು ತಾಸಿನ್ಯಾಗ ತಿರುವಿ ಕೊಡ್ತೀನಿ. ಜಿಂದಗೀಭರ್ ನೋಡಂಗಿಲ್ಲ." ಟ್ರ್ಯಾಕ್ಟರ್ ಟ್ರೇಲರ್‌ಗೆ ಆಗಿದ್ದರೆ ಹೂಂ ಅನ್ನುತ್ತಿದ್ದೆ. ಬಾಗದ ನೈಲಾನ್ ತಾನು ಉಳಿದು ಆರ್ಮ್ ಹಿಡಿದ ಕಬ್ಬಿಣವನ್ನು ಸೀಳಿಸುತ್ತದೆ.

ಹೊಸ ಬುಷ್ ಕೂರಿಸಿದ್ದು ಅದೇ ಚಾಚಾರ ಪ್ರೆಸ್‌ನಲ್ಲಿ, ಕಾರಿನ ಹಳೇ ಒರಿಜಿನಲ್ ಆರ್ಮ್‌ಗಳಿಗೆ. ಹಳೇ ರಬ್ಬರನ್ನು ಗ್ಯಾಸ್ ಬೆಂಕಿ ಹಿಡಿದು ಸುಡೋಣ ಅಂದರು. ಆ ಹೊಗೆ ಬೇಡ ಅಂತ ಚಿಪ್ಪನ್ನು ಗರಗಸದಲ್ಲಿ ಕೊಯ್ದು ತೆಗೆದೆವು. ದೊಡ್ಡ ಬುಷ್‌ನ ರಬ್ಬರಿನಲ್ಲಿ ಬೇಕಂತಲೇ ಬಿಟ್ಟ ಎರಡು ಖಾಲಿ ಜಾಗ ಇರುತ್ತವೆ. ಅವು ಯಾವ ಕಡೆ ಮುಖ ಮಾಡಿವೆ ಅನ್ನುವುದರ ಮೇಲೆ ಯಾವ ಕಡೆ ಮೆತ್ತಗೆ, ಯಾವ ಕಡೆ ಬಿಗಿ ಅನ್ನುವುದು ನಿಂತಿದೆ. ಬಿಚ್ಚುವ ಮೊದಲೇ ಆರ್ಮ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಆ ಗೆರೆ ಇಲ್ಲದಿದ್ದರೆ ಕಣ್ಣಳತೆಯಲ್ಲಿ ಕೂರಿಸಿ ಕೆಡುತ್ತಿದ್ದೆವು. ಸೋಪಿನ ನೀರು ಸವರಿ, ಹೊರಚಿಪ್ಪಿನ ಅಂಚಿಗೆ ಸರಿಯಾದ ಪೈಪ್ ತುಂಡು ಇಟ್ಟು ಒತ್ತಿದೆವು. ನಡುವಿನ ಕೊಳವೆ ಹಿಡಿದು ಒತ್ತಿದ್ದರೆ ಹೊಸ ರಬ್ಬರು ಅಲ್ಲೇ ಕಿತ್ತು ಬರುತ್ತಿತ್ತು.

ಏಳೇ ತಿಂಗಳಿಗೆ ಸತ್ತ ಡೂಪ್ಲಿಕೇಟ್ ಆರ್ಮ್‌ನ ಸಣ್ಣ ಬುಷ್ಷನ್ನು ಕುತೂಹಲಕ್ಕೆ ಸೀಳಿ ನೋಡಿದೆ. ರಬ್ಬರು ಕೊಳವೆಗೆ ಅಂಟಿದ್ದಲ್ಲೇ ಬಿಟ್ಟಿತ್ತು, ಹಿಂಡಿದ ಪಂಚೆಯ ಹಾಗೆ ಒಂದೇ ಕಡೆಗೆ ತಿರುಚಿದ ಗೆರೆಗಳು. ಆಗ ನೆನಪಾಯಿತು: ಅವತ್ತು ಬೋಲ್ಟ್ ಪೂರ್ತಿ ಬಿಗಿದದ್ದು ಕಾರು ಜಾಕ್ ಮೇಲೆ, ಚಕ್ರ ನೇತಾಡುತ್ತಿದ್ದಾಗ. ಹಾಗೆ ಬಿಗಿದರೆ ನೇತಾಡುವ ಭಂಗಿಯೇ ರಬ್ಬರಿಗೆ ವಿಶ್ರಾಂತಿ. ನೆಲಕ್ಕಿಳಿಸಿದ ಗಳಿಗೆಯಿಂದ ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಏಳು ತಿಂಗಳು ನಾನು ಬೈದದ್ದು ಬರೀ ಆ ಅಗ್ಗದ ಬುಷ್ಷನ್ನು. ತಪ್ಪಿನಲ್ಲಿ ಅದರ ಪಾಲೆಷ್ಟು, ಪಾನಾ ಹಿಡಿದ ಕೈಯ ಪಾಲೆಷ್ಟು ಎಂದು ಈಗ ಹೇಗೆ ಹಂಚುವುದು?

ಈ ಸಲ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ನಾಲ್ಕೂ ಚಕ್ರಗಳನ್ನು ಮಿಲ್ಲಿನ ಅಗಲವಾದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದೆ. ಮುಂದಿನ ಎರಡೂ ಸೀಟಿಗೆ 75 ಕೆ.ಜಿ.ಯ ಒಂದೊಂದು ಚೀಲ ಭತ್ತ ಕೂರಿಸಿದೆ. ಹಮಾಲಿ ಮಾಡುವ ಹುಡುಗರು "ಸೀಟ್ ಬೆಲ್ಟ್ ಹಾಕ್ರಿ ಅಣ್ಣಾ" ಅಂತ ನಕ್ಕರು. ಬಂಪರನ್ನು ನಾಲ್ಕಾರು ಸಲ ಅದುಮಿ ಬಿಟ್ಟು ಸ್ಪ್ರಿಂಗ್ ತನ್ನ ಜಾಗಕ್ಕೆ ಕೂತ ಮೇಲೆ ಕೆಳಗೆ ತೂರಿ, ಮ್ಯಾನುಯಲ್‌ನಲ್ಲಿದ್ದ ಲೆಕ್ಕಕ್ಕೆ ಟಾರ್ಕ್ ಪಾನಾದಿಂದ ಬಿಗಿದೆ. ಅಲೈನ್‌ಮೆಂಟ್ ಮಾಡಿಸಿದ್ದು ಆಮೇಲೆ.

ಹದಿನಾಲ್ಕು ಸಾವಿರ ಕಿಲೋಮೀಟರ್ ಆಗಿದೆ. ಬ್ರೇಕ್ ಹಾಕಿದರೆ ನೇರ ನಿಲ್ಲುತ್ತದೆ, ಟಯರ್ ಸಮನಾಗಿ ಸವೆಯುತ್ತಿದೆ. ತಿರುವಿನಲ್ಲಿ ಕಾರು ಮೊದಲಿಗಿಂತ ಕಡಿಮೆ ವಾಲುತ್ತದೆ. ಅದು ಪಾಲಿಯ ಪುಣ್ಯ. ಪಾಲಿಯ ಕಾಟವೂ ಇದೆ: ಬೇಸಿಗೆಯ ಧೂಳು ಒಳಗೆ ಸೇರಿದರೆ ಸ್ಪೀಡ್ ಬ್ರೇಕರ್ ಮೇಲೆ ಹಳೇ ಮಂಚದಂತೆ ಕಿರ್ ಅನ್ನುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಸಿಲಿಕಾನ್ ಗ್ರೀಸ್ ಸವರುತ್ತೇನೆ. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸನ್ನು ಹತ್ತಿರ ತರುವುದಿಲ್ಲ, ಪಕ್ಕದ ರಬ್ಬರಿಗೆ ತಾಗಿದರೆ ಅದು ಉಬ್ಬಿ ಕೊಳೆಯುತ್ತದೆ.

ಹಿಂದಿನ ಟ್ರೇಲಿಂಗ್ ಆರ್ಮ್‌ನ ಜೋಡಿ ಬುಷ್ ತರಿಸಿಟ್ಟಿದ್ದೇನೆ. ಮೊದಲು ಬಂದ ಪೆಟ್ಟಿಗೆಯೊಳಗಿನ ರಬ್ಬರು ಹೊಸದೇ ಆದರೂ ಮೀಟರ್‌ನಲ್ಲಿ 70 ದಾಟಿತು, ಯಾವ ಗೋದಾಮಿನಲ್ಲಿ ಎಷ್ಟು ವರ್ಷ ಕೂತಿತ್ತೋ. ವಾಪಸು ಕಳಿಸಿ ಬೇರೆ ತರಿಸಿದೆ, ಇದು 62. ಸುಗ್ಗಿಯ ಗದ್ದಲ ಮುಗಿಯುವವರೆಗೆ ಅದು ಮಿಲ್ಲಿನ ಬಾಯ್ಲರಿನಿಂದ ದೂರ, ರೋಲುಗಳನ್ನು ಇಡುವ ಕತ್ತಲ ಕೋಣೆಯಲ್ಲಿದೆ.