ನೀರು ನೋಡಿ ಹೊರಡಿ: ಉಡುಪಿಗೆ ಹೊಸದಾಗಿ ಬಂದವರಿಗೆ ಒಂದು ದಿನದ ತಿರುಗಾಟಗಳು

ಬಾಡಿಗೆ ಮನೆ ಸಿಕ್ಕಿತು, ಗ್ಯಾಸ್ ಬಂತು, ಮಕ್ಕಳಿಗೆ ಶಾಲೆಯೂ ಆಯಿತು. ಆಮೇಲೆ ಬರುವ ಮೊದಲ ಭಾನುವಾರ ಹೊಸಬರು ನಮ್ಮ ಸಂಘದವರಿಗೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ. ಹತ್ತಿರದಲ್ಲಿ ನೋಡುವಂಥದ್ದು ಏನಿದೆ, ಬೆಳಗ್ಗೆ ಹೋಗಿ ರಾತ್ರಿಯೊಳಗೆ ಮನೆ ಸೇರಬಹುದಾ? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆ ಕಡೆಯವಳು. ಉಡುಪಿಗೆ ಬಂದು 12 ವರ್ಷವಾಯಿತು. ನಮ್ಮೂರಲ್ಲಿ ಹೊರಗೆ ಹೊರಡುವ ಮುಂಚೆ ಬಿಸಿಲು ನೋಡುತ್ತೇವೆ. ಇಲ್ಲಿ ನೀರು ನೋಡಬೇಕು. ಮಳೆ ಹೇಗಿದೆ, ಕಡಲು ಹೇಗಿದೆ, ಹೊಳೆ ಎಷ್ಟು ತುಂಬಿದೆ. ಇಷ್ಟು ತಿಳಿದುಕೊಂಡು ಹೊರಟರೆ ದಿನ ಹಾಳಾಗುವುದಿಲ್ಲ.

ಇದನ್ನು ನಾನು ಕಲಿತದ್ದು ಮೊದಲ ವರ್ಷದ ಜೂನ್‌ನಲ್ಲಿ. ತವರಿನಿಂದ ಅವ್ವ, ಅಣ್ಣನ ಮಕ್ಕಳು ಬಂದಿದ್ದರು. ದ್ವೀಪ ತೋರಿಸುತ್ತೇನೆ ಅಂತ ಎಲ್ಲರನ್ನೂ ಮಲ್ಪೆಗೆ ಕರೆದುಕೊಂಡು ಹೋದೆ. ದ್ವೀಪಕ್ಕೆ ಒಂದು ದೋಣಿಯೂ ಇಲ್ಲ. ಅಲೆ ಮೇಲೆದ್ದು ಬೀಳುವ ಸದ್ದಿಗೆ ಚಿಕ್ಕವನು ಅಳಲು ಶುರು ಮಾಡಿದ. ಮೀನು ಮಾರುವ ಅಕ್ಕ ಒಬ್ಬರು ನಮ್ಮನ್ನು ನೋಡಿ, "ಈಗ ಯಾಕೆ ಬಂದ್ರಿ ಮಾರಾಯ್ರೆ, ಮಳೆ ಮುಗಿದ ಮೇಲೆ ಬನ್ನಿ" ಅಂದರು. ಅವ್ವನಿಗೆ ಆ ವರ್ಷ ದ್ವೀಪ ನೋಡಲು ಆಗಲೇ ಇಲ್ಲ.

ಹಾಗಾಗಿ ಮೊದಲು ತಿಂಗಳ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವ ಮಾತೇ ಬೇಡ. ದ್ವೀಪದ ದೋಣಿಗಳು ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ ಬಂದರಿನ ಗದ್ದಲ ನೋಡಬೇಕು ಅಂದರೆ ಆಗಲೂ ಹೋಗಬೇಡಿ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಮಾರ್ಚ್‌ನಿಂದ ಮೇವರೆಗಿನ ಸೆಕೆ ಮಾತ್ರ ನಮ್ಮ ಕಡೆಯ ಬಿಸಿಲಿನ ಹಾಗಲ್ಲ. ನೆರಳಿಗೆ ಹೋದರೂ ಬೆವರು ಆರುವುದಿಲ್ಲ. ಆ ತಿಂಗಳುಗಳಲ್ಲಿ ಬೆಳಗ್ಗೆ 6ಕ್ಕೇ ಹೊರಟು 11ಕ್ಕೆ ಮನೆ ಸೇರಿಬಿಡಿ, ಇಲ್ಲವಾದರೆ ಸಂಜೆ 4ರ ಮೇಲೆ ಹೊರಡಿ.

ಕಡಲ ಕಡೆ

ಮೊದಲು ಸೇಂಟ್ ಮೇರೀಸ್ ದ್ವೀಪಕ್ಕೇ ಹೋಗಿ. ಇಲ್ಲಿನವರು ಅದನ್ನು ತೋನ್ಸೆಪಾರ್ ಅಂತಲೂ ಕರೆಯುತ್ತಾರೆ. ಉಡುಪಿಯಿಂದ ಮಲ್ಪೆ 6 ಕಿ.ಮೀ., ಸಿಟಿ ಬಸ್ ಸ್ಟ್ಯಾಂಡಿನಿಂದ ಬಸ್ಸುಗಳು ಹೋಗುತ್ತಲೇ ಇರುತ್ತವೆ. ಮಲ್ಪೆಯಿಂದ ದೋಣಿ.

ದ್ವೀಪದಲ್ಲಿ ಇಳಿದ ಕೂಡಲೇ ಕಾಣುವುದು ಕಂಬದಂತೆ ನಿಂತ ಕಲ್ಲುಗಳು. ಯಾರೋ ಅಳತೆ ಹಿಡಿದು ಕಡಿದು ಜೋಡಿಸಿದ ಹಾಗೆ. ಮಕ್ಕಳನ್ನು ಹತ್ತಿರ ಕರೆದುಕೊಂಡು ಹೋಗಿ ಮೂಲೆಗಳನ್ನು ಎಣಿಸಲು ಹೇಳಿ. ಒಂದಕ್ಕೆ ಐದು, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ಏಳು. ಇವು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾದಿಂದ ಆದವು. ಬಿಸಿ ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಬಿರುಕು ಬಿಡುತ್ತದಲ್ಲ, ಹಾಗೆಯೇ. ಅಲ್ಲಿ ಮಣ್ಣು ಬಿರಿದ ಗುರುತು ಒಂದು ಮಳೆಗೆ ಹೋಗುತ್ತದೆ, ಇಲ್ಲಿ ಕಲ್ಲಾಗಿ ಉಳಿದಿದೆ. ಈ ಮಾತು ಹೇಳಿದಾಗ ನನ್ನ ಮಗಳು ಒಂದು ಕಂಬದ ಮೇಲೆ ಅಂಗೈ ಇಟ್ಟು ಎಷ್ಟೋ ಹೊತ್ತು ನಿಂತಿದ್ದಳು.

ದ್ವೀಪದಲ್ಲಿ ತೆಂಗಿನ ಮರ ಬಿಟ್ಟರೆ ಹೆಚ್ಚಿನ ನೆರಳಿಲ್ಲ. ಟೋಪಿ, ಕುಡಿಯುವ ನೀರು ಮರೆಯಬೇಡಿ. ದಡದ ತುಂಬ ಚಿಪ್ಪುಗಳು, ಬರಿಗಾಲಲ್ಲಿ ನಡೆದರೆ ಕೊಯ್ಯುತ್ತವೆ. ಕಲ್ಲುಗಳ ಮೇಲೆ ಪಾಚಿ ಇದ್ದ ಕಡೆ ಹತ್ತಬೇಡಿ. ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ.

ಕಾಪು ದೀಪಸ್ತಂಭ ಉಡುಪಿಯಿಂದ ದಕ್ಷಿಣಕ್ಕೆ 13 ಕಿ.ಮೀ. 1901ರಲ್ಲಿ ಕಟ್ಟಿದ್ದು, ದೊಡ್ಡ ಬಂಡೆಯ ಮೇಲೆ ನಿಂತಿದೆ. ಮೇಲೆ ಹತ್ತಲು ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ, ಹಾಗಾಗಿ 4 ಗಂಟೆಗೇ ಅಲ್ಲಿರಿ. ಕೈಗೂಸು ಇರುವವರಿಗೆ ಇನ್ನೂ ದಕ್ಷಿಣದ ಪಡುಬಿದ್ರಿ ಒಳ್ಳೆಯದು. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕಟ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದ ಬೀಚ್ ಅದು. ಶೌಚಾಲಯ, ಬಟ್ಟೆ ಬದಲಿಸುವ ಜಾಗ ಎಲ್ಲ ಚೊಕ್ಕಟವಾಗಿದೆ.

ಉತ್ತರಕ್ಕೆ ಹೋದರೆ ಮರವಂತೆ, 55 ಕಿ.ಮೀ. ಹೆದ್ದಾರಿಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಹೊಳೆ ಕಡಲಿಗೆ ಇಷ್ಟು ಹತ್ತಿರ ಬಂದೂ ಸೇರುವುದಿಲ್ಲ. ತಿರುಗಿಕೊಂಡು ದಕ್ಷಿಣಕ್ಕೆ ಹರಿದು ಗಂಗೊಳ್ಳಿಯ ಹತ್ತಿರ ಸೇರುತ್ತದೆ. ನೋಡಲು ಎರಡು ಕಣ್ಣು ಸಾಲದು. ಆದರೆ ಲಾರಿಗಳು ಜೋರಾಗಿ ಬರುವ ರಸ್ತೆ ಅದು, ಫೋಟೋ ತೆಗೆಯಲು ಕಾರನ್ನು ಅಂಚಿನಲ್ಲಿ ನಿಲ್ಲಿಸಬೇಡಿ. ತ್ರಾಸಿ ಕಡೆ ನಿಲ್ಲಿಸಿ ನಡೆದು ಬನ್ನಿ. ವಾಪಸ್ ಬರುವಾಗ ಊಟಕ್ಕೆ ಕುಂದಾಪುರ. ಕೋಳಿ ತಿನ್ನುವವರು ಘೀ ರೋಸ್ಟ್ ಕೇಳಿ, ಅದು ಹುಟ್ಟಿದ ಊರೇ ಅದು.

ಎಲ್ಲ ಕಡಲ ತೀರಕ್ಕೂ ಒಂದೇ ಮಾತು. ಅಲೆಗೆ ಬೆನ್ನು ಹಾಕಿ ನಿಲ್ಲಬೇಡಿ. ಮಕ್ಕಳನ್ನು ಮೊಣಕಾಲಿನ ಆಳಕ್ಕಿಂತ ಮುಂದೆ ಬಿಡಬೇಡಿ. ನಾವು ಕೆರೆಯಲ್ಲಿ, ಕಾಲುವೆಯಲ್ಲಿ ಈಜು ಕಲಿತವರು. ಕಡಲ ಸೆಳೆತ ಬೇರೆಯೇ. ಮೇಲೆ ನೀರು ಶಾಂತವಾಗಿ ಕಂಡರೂ ಕಾಲ ಕೆಳಗಿನ ಮರಳು ಜಾರುತ್ತಿರುತ್ತದೆ. ಇಲ್ಲಿ ಇಳಿಯಬೇಡಿ ಅಂತ ಮೀನುಗಾರರು ಅಂದರೆ ಮರುಮಾತಾಡದೆ ಮೇಲೆ ಬನ್ನಿ.

ಘಟ್ಟದ ಕಡೆ: ಕಾರ್ಕಳ, ವರಂಗ, ಆಗುಂಬೆ

ಹೊಸಬರಿಗೆ ಒಂದೇ ಒಂದು ತಿರುಗಾಟ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ. ಸುತ್ತಿ ಬಂದರೆ ಹತ್ತಿರ ಹತ್ತಿರ 150 ಕಿ.ಮೀ. ನವೆಂಬರ್, ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಸ್ವಂತ ಗಾಡಿ ಇಲ್ಲದಿದ್ದರೆ ಎರಡು ಮನೆಯವರು ಸೇರಿ ಒಂದು ವ್ಯಾನ್ ಮಾಡಿಕೊಳ್ಳಿ.

ಬೆಳಗ್ಗೆ ಮೊದಲು ಕಾರ್ಕಳ. 42 ಅಡಿಯ ಬಾಹುಬಲಿ, 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು. ಬೆಟ್ಟ ಅಂದರೆ ಒಂದೇ ಬೋಳು ಬಂಡೆ. ಮೇಲೆ ಚಪ್ಪಲಿ ಬಿಡಬೇಕು. 9 ಗಂಟೆಯೊಳಗೆ ಹೋದವರಿಗೆ ಕಲ್ಲು ತಣ್ಣಗೆ ಹಿತವಾಗಿರುತ್ತದೆ. 12ಕ್ಕೆ ಹೋದವರು ಕಾಲು ಎತ್ತಿ ಎತ್ತಿ ಇಡುತ್ತಾ ಓಡಬೇಕಾಗುತ್ತದೆ. ಚೀಲದಲ್ಲಿ ಎಲ್ಲರಿಗೂ ಒಂದೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಹತ್ತಿರವೇ ಚಿಕ್ಕ ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಿನಿಂದ ನೋಡಿದರೂ ಒಳಗೆ ಅದೇ ಮೂರು ತೀರ್ಥಂಕರರು. ಅರ, ಮಲ್ಲಿ, ಮುನಿಸುವ್ರತ. ಜನರೂ ಇಲ್ಲಿ ಕಡಿಮೆ, ಸುಮ್ನೆ ಜಗಲಿಯ ಮೇಲೆ ಕೂತರೆ ಗಾಳಿ ಬೀಸುತ್ತಿರುತ್ತದೆ.

ಅಲ್ಲಿಂದ ಹೆಬ್ರಿ ದಾರಿಯಲ್ಲಿ ವರಂಗ. ಕೆರೆಯ ನಡುವೆ ಒಂದು ಬಸದಿ, ಚಿಕ್ಕ ದೋಣಿಯಲ್ಲೇ ಹೋಗಬೇಕು. ಒಂದು ಸಲಕ್ಕೆ ಕೆಲವರನ್ನೇ ಕೂರಿಸುತ್ತಾರೆ. ಕೂತಲ್ಲಿಂದ ಎದ್ದು ನಿಲ್ಲಬೇಡಿ, ಮಕ್ಕಳನ್ನು ಮಧ್ಯೆ ಕೂರಿಸಿಕೊಳ್ಳಿ. ಸುತ್ತ ಗದ್ದೆ, ಅದರಾಚೆ ಘಟ್ಟದ ನೀಲಿ ಗೋಡೆ. ದೋಣಿ ಹೊರಟ ಮೇಲೆ ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಮೂರು ವರ್ಷದ ಮೇಲೆ ಮತ್ತೆ ಬಂದ ಅವ್ವನನ್ನು ನಾನು ಕರೆತಂದದ್ದು ಇಲ್ಲಿಗೆ. "ಇಷ್ಟು ನೀರಿನ ನಡುವ ದೇವರು ಕುಂತಾನ" ಅಂತ ಅವಳು ಅಂಚಿನಿಂದ ಕೈ ಇಳಿಬಿಟ್ಟು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಹೆಬ್ರಿಯಲ್ಲಿ ಊಟ ಮುಗಿಸಿ, ಪೆಟ್ರೋಲ್ ನೋಡಿಕೊಂಡು, ಸೋಮೇಶ್ವರ ದಾಟಿ ಘಟ್ಟ ಹತ್ತಿ. 14 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ಹಾರ್ನ್ ಹಾಕಿ, ಹತ್ತುವ ಗಾಡಿಗೆ ದಾರಿ ಬಿಡಿ. ಗಾಡಿಯಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಹೆಬ್ರಿಯಲ್ಲಿ ಹೊಟ್ಟೆ ತುಂಬ ಉಣಿಸಬೇಡಿ. ಸೂರ್ಯಾಸ್ತ ನೋಡುವ ಕಟ್ಟೆ ಘಟ್ಟದ ಮೇಲ್ತುದಿಯ ಹತ್ತಿರ ರಸ್ತೆಯ ಪಕ್ಕದಲ್ಲೇ ಇದೆ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಕಡಲು ಹೊಳೆಯುವುದು ಕಾಣುತ್ತದೆ. ಬೆಳಗ್ಗೆ ಬಿಟ್ಟು ಬಂದ ಕಡಲೇ ಅದು. ಮಂಗಗಳು ಜಾಸ್ತಿ, ಕೈಯಲ್ಲಿ ತಿಂಡಿ ಹಿಡಿದು ಇಳಿಯಬೇಡಿ. ಸೂರ್ಯ ಮುಳುಗಿದ ಕೂಡಲೇ ಇಳಿಯಲು ಶುರು ಮಾಡಿ, ಕತ್ತಲು ಬೇಗ ಕವಿಯುತ್ತದೆ.

ಮಳೆಗಾಲದಲ್ಲಿ ಇಲ್ಲಿ ಸೂರ್ಯ ಕಾಣುವುದಿಲ್ಲ, ಬರೀ ಮಂಜು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ನಮ್ಮ ಬಾಗಲಕೋಟೆಯ ಹತ್ತು ವರ್ಷದ ಮಳೆ ಒಂದೇ ವರ್ಷಕ್ಕೆ ಬಂದ ಹಾಗೆ. ಗುಡ್ಡ ಕುಸಿದು ಘಟ್ಟ ಮುಚ್ಚುವುದೂ ಇದೆ. ಜಲಪಾತಗಳಿಗೂ ಅಷ್ಟೇ, ಮಳೆಗಾಲದಲ್ಲಿ ಅರಣ್ಯ ಇಲಾಖೆ ಬೇಡ ಅಂದ ಕಡೆ ಹೋಗಬಾರದು.

ಮಳೆ ಬಿಡದ ದಿನ

ಮಳೆ ಅಂತ ನಾಲ್ಕು ತಿಂಗಳು ಮನೆಯಲ್ಲೇ ಕೂರಲು ಆಗುವುದಿಲ್ಲ, ಅಲ್ವಾ? ಮೂಡುಬಿದಿರೆಗೆ ಹೋಗಿ. ಕಾರ್ಕಳದಿಂದ ಮುಂದೆ 18 ಕಿ.ಮೀ. 1430ರ ಸಾವಿರ ಕಂಬದ ಬಸದಿಯನ್ನು ನಾನು ಮಳೆಯಲ್ಲೇ ನೋಡಲು ಇಷ್ಟಪಡುತ್ತೇನೆ. ಮಾಡಿನಿಂದ ನೀರು ಸುರಿಯುತ್ತಿರುತ್ತದೆ, ಒಳಗೆ ಕಂಬಗಳ ಕೆತ್ತನೆ ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಇರಬಹುದು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕೂಡ ಒಳ್ಳೆಯದು. ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಜಾಗ. ಹೋಗುವ ಮುಂಚೆ ಸಮಯ ವಿಚಾರಿಸಿಕೊಳ್ಳಿ. ಕೃಷ್ಣ ಮಠಕ್ಕೆ ಹೇಗೂ ಹೋಗುತ್ತೀರಿ. ರಥಬೀದಿಯಲ್ಲಿ ಬಿಸಿ ಗೋಳಿಬಜೆ, ಬನ್ಸ್ ತಿನ್ನದೆ ಬರಬೇಡಿ.

ಬಸ್ಸು, ಬುತ್ತಿ

ದೂರದ ಊರುಗಳಿಗೆ ಸರ್ವಿಸ್ ಬಸ್ ಸ್ಟ್ಯಾಂಡಿಗೆ ಹೋಗಬೇಕು, ಸಿಟಿ ಬಸ್ ಸ್ಟ್ಯಾಂಡ್ ಬೇರೆ. ಇಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಕಂಡಕ್ಟರ್ "ರೈಟ್, ಪೋಯಿ" ಅಂದರೆ ಬಸ್ ಹೊರಟಿತು ಅಂತ ಅರ್ಥ, ಹತ್ತಿ ಗಟ್ಟಿಯಾಗಿ ಹಿಡಿದುಕೊಳ್ಳಿ. ತುಳು ಬರದಿದ್ದರೆ ಹೆದರಬೇಡಿ, ಕನ್ನಡದಲ್ಲಿ ಕೇಳಿದರೆ ಎಲ್ಲರೂ ಹೇಳುತ್ತಾರೆ. ಎಳನೀರಿಗೆ ಇಲ್ಲಿ ಬೊಂಡ ಅನ್ನುತ್ತಾರೆ. ಹೋಟೆಲಿನಲ್ಲಿ ಕೋರಿ ರೊಟ್ಟಿ ಅಂದರೆ ನಮ್ಮ ಜೋಳದ ರೊಟ್ಟಿ ಅಲ್ಲ, ಅಕ್ಕಿಯ ಗರಿಗರಿ ಹಾಳೆಯ ಮೇಲೆ ಕೋಳಿ ಸಾರು.

ಬುತ್ತಿ ಕಟ್ಟುವವರಿಗೆ ಒಂದು ಮಾತು. ಮೊಸರನ್ನ ಈ ಸೆಕೆಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿದರೆ ಕಡಲ ಗಾಳಿಗೆ ಮೆತ್ತಗಾಗಿಬಿಡುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಜೊತೆಗೆ ಶೇಂಗಾ ಚಟ್ನಿಪುಡಿ ಇಟ್ಟುಕೊಳ್ಳಿ. ಸಂಜೆಯವರೆಗೂ ಕೆಡುವುದಿಲ್ಲ.