ನಡಾವಳಿ ಪುಸ್ತಕ ಓದಿ ಲೈಸೆನ್ಸ್ ಮಾಡಿಸಿದ್ದು

ಮೊನ್ನೆ ಗುರುವಾರ ಗ್ರಾಮ ಪಂಚಾಯಿತಿಯ ಒಂದೇ ಸಾಮಾನ್ಯ ಸಭೆಯಲ್ಲಿ ನನ್ನ ಐದು ಕಟ್ಟಡ ಪರವಾನಗಿ ಕಡತ ಪಾಸಾದವು. ಐದಕ್ಕೆ ಐದು. ಝೆರಾಕ್ಸ್ ಅಂಗಡಿ ಬೆಂಚಿನ ಮೇಲೆ ಕೂತು ಮೂರು ವರ್ಷದಿಂದ "ಇವನಿಗೆ ಓದೋ ಹುಚ್ಚು" ಅಂತ ನಗುತ್ತಿದ್ದವರೇ ಸಂಜೆ ಫೋನ್ ಮಾಡಿ "ಅದೆಂತ ಮಾಡ್ತೀಯ ಮಾರಾಯ, ನಮಗೂ ಸ್ವಲ್ಪ ಹೇಳು" ಅಂದರು. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲವನ್ನೂ ಹೇಳುವುದಿಲ್ಲ. ನನ್ನ ಹೊಟ್ಟೆಪಾಡೂ ಇದರಲ್ಲೇ ಇದೆ.

ನಾನು ಡಿಪ್ಲೊಮಾ ಸಿವಿಲ್. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ತಾಲ್ಲೂಕು ಪೇಟೆಯಲ್ಲಿ ಬಸ್‌ಸ್ಟ್ಯಾಂಡ್ ಎದುರು ಮಾಳಿಗೆ ಮೇಲೆ ರೂಮು, ಒಂದು ಕಂಪ್ಯೂಟರು, ಒಂದು ಹಳೇ ಪ್ರಿಂಟರು. ಸುತ್ತಲಿನ ಏಳೆಂಟು ಗ್ರಾಮ ಪಂಚಾಯಿತಿಗಳ ಮನೆ, ಕೊಟ್ಟಿಗೆ, ಅಂಗಡಿ ಮಳಿಗೆ, ಹಿಟ್ಟಿನ ಗಿರಣಿಗಳ ಕಟ್ಟಡ ಪರವಾನಗಿ ಕಡತಗಳು ನನ್ನ ಕೈಲಿ ಹಾದು ಹೋಗುತ್ತವೆ. 9, 11ಎ, 11ಬಿ (ಪಂಚಾಯಿತಿಯ ಆಸ್ತಿ ದಾಖಲೆಗಳು), 11ಇ ನಕ್ಷೆ (ಸರ್ವೆಯವರು ಕೊಡುವ ಜಾಗದ ಅಳತೆ ನಕ್ಷೆ), ಅಲಿನೇಷನ್ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಆದೇಶ), ಇವನ್ನೆಲ್ಲ ಇದಕ್ಕಿಂತ ಹೆಚ್ಚು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಗೊತ್ತಿದ್ದವರಿಗಷ್ಟೇ ಇದು ಉಪಯೋಗ.

ಮೊದಲು ಸೋತದ್ದು ಹೇಳಿಬಿಡುತ್ತೇನೆ.

ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಪ್ರಕರಣ ನಮಗೆಲ್ಲ ಬಾಯಿಪಾಠ. ಅರ್ಜಿ ಕೊಟ್ಟು 60 ದಿನದೊಳಗೆ ಪಂಚಾಯಿತಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಕೊಟ್ಟ ಹಾಗೇ ಲೆಕ್ಕ. 2019ರಲ್ಲಿ ಇದೇ ರಾಮಬಾಣ ಅಂದುಕೊಂಡಿದ್ದೆ. ಒಬ್ಬರ ಅಂಗಡಿ ಮಳಿಗೆ, ಮೂರು ಶಟರು. ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡೆ, ಕ್ಯಾಲೆಂಡರಿನಲ್ಲಿ ದಿನ ಎಣಿಸಿದೆ, 61ನೇ ದಿನ ಬೆಳಿಗ್ಗೆ "ಪಾಯ ತೆಗೀರಿ" ಅಂದೆ. ಪಿಲ್ಲರು ಎದ್ದ ಮೇಲೆ ನೋಟಿಸು ಬಂತು. ಕಾಯ್ದೆಯ ಅದೇ ವಾಕ್ಯದ ಬಾಲದಲ್ಲಿ, ಉಳಿದ ನಿಯಮಗಳಿಗೆ ವಿರುದ್ಧವಾಗಿ ಕಟ್ಟುವ ಹಾಗಿಲ್ಲ ಅಂತಲೂ ಇದೆ. ಅದನ್ನು ನಾನು ಓದಿದ್ದೆ, ಮನಸ್ಸಿಗೆ ತಗೊಂಡಿರಲಿಲ್ಲ. ಜಾಗ ರಾಜ್ಯ ಹೆದ್ದಾರಿ ಬದಿ. ಮಧ್ಯರೇಖೆಯಿಂದ 40 ಮೀಟರ್ ಬಿಡಬೇಕಿದ್ದ ಕಡೆ ನಾವು 18, 19ರಲ್ಲಿ ನಿಂತಿದ್ದೆವು. ಎಂಟು ಪಿಲ್ಲರು ಒಡೆದರು. ಸುಮಾರು 1 ಲಕ್ಷ 80 ಸಾವಿರ ನೀರಿಗೆ ಹೋಯಿತು. ಅದರಲ್ಲಿ 40 ಸಾವಿರ ನಾನು ಕೈಯಿಂದ ಕೊಟ್ಟೆ. ಕೊಡಲೇಬೇಕು ಅಂತ ಅವರೇನೂ ಕೇಳಲಿಲ್ಲ. ಆದರೆ ಅವರ ಮಗಳ ಮದುವೆಗೆ ಹೋಗಿ ಊಟಕ್ಕೆ ಕೂತಾಗ ಗಂಟಲಲ್ಲಿ ಇಳಿಯಲಿಲ್ಲ.

ಎರಡನೆಯ ಸಲ ಜಾಗ ಸರಿ ಇತ್ತು, ದಿನವೂ ಸರಿ ಇತ್ತು. ಬ್ಯಾಂಕಿನವರು ಸಾಲ ಕೊಡಲಿಲ್ಲ. "ಪಂಚಾಯಿತಿ ಸುಮ್ಮನಿದ್ದದ್ದಕ್ಕೆ ಸೀಲು ಎಲ್ಲಿದೆ ತೋರಿಸಿ" ಅಂದರು ಮ್ಯಾನೇಜರು. ಕರೆಂಟಿನವರೂ ಅದನ್ನೇ ಕೇಳಿದರು. ಅವರ ಮಾತೂ ತಪ್ಪಲ್ಲ. ಅಲ್ಲಿಗೆ 60 ದಿನದ ಹುಚ್ಚು ಬಿಟ್ಟಿತು. ಈಗಲೂ ದಿನ ಎಣಿಸುತ್ತೇನೆ, ಆದರೆ ಅದು ಬರೀ ನೆನಪೋಲೆ ಬರೆಯುವುದಕ್ಕೆ.

ಹಾಗಾದರೆ ದಾರಿ ಯಾವುದು? ಎಲ್ಲರೂ ಹೇಳುವ ದಾರಿ ನಿಮಗೂ ಗೊತ್ತು. ಅಂದಾಜು ಪಟ್ಟಿಯಲ್ಲಿ "ಇತರೆ ಖರ್ಚು" ಅಂತ ಒಂದು ಸಾಲು. ಸುಳ್ಳು ಹೇಳುವುದಿಲ್ಲ, ನಾನೂ ಎರಡು ವರ್ಷ ಆ ಸಾಲು ಬರೆದವನೇ. ಕಡತಕ್ಕೆ 5 ಸಾವಿರದಿಂದ 8 ಸಾವಿರ. ತಮಾಷೆ ಏನೆಂದರೆ, ಕೊಟ್ಟ ಮೇಲೂ ಕಡತ ಅಲ್ಲೇ ಕೂತಿರುತ್ತಿತ್ತು. ಯಾಕೆಂದರೆ ದುಡ್ಡು ಹೋಗುವ ಮೇಜು ಬೇರೆ, ಕಡತ ಸಿಕ್ಕಿಕೊಳ್ಳುವ ಜಾಗ ಬೇರೆ. ಇದು ಗೊತ್ತಾಗಿದ್ದು ಸಭೆಯ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕದಿಂದ.

2021ರ ಮಳೆಗಾಲದಲ್ಲಿ ಕೆಲಸ ಇರಲಿಲ್ಲ. ಹಿಂದಿನ ವರ್ಷ ಪಂಚಾಯಿತಿಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಕೂತಿದ್ದರು, 2020ರ ಡಿಸೆಂಬರಿನಲ್ಲಿ ಚುನಾವಣೆ ಆಗಿ ಹೊಸ ಸದಸ್ಯರು ಬಂದಿದ್ದರು. ಯಾರ ಸ್ವಭಾವ ಏನು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಹಳೇ ಪರಿಚಯಗಳೆಲ್ಲ ಒಂದೇ ಏಟಿಗೆ ಸೊನ್ನೆ. ಆಗ ಹೊಳೆಯಿತು: ಮನುಷ್ಯರು ಬದಲಾದರೂ ಅವರು ಕೇಳುವ ಪ್ರಶ್ನೆ ಬದಲಾಗುತ್ತದೆಯೇ? ಹಳೇ ಸಭೆಗಳಲ್ಲಿ ಏನು ಬರೆದಿದ್ದಾರೆ ನೋಡೋಣ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೊದಲ ಅರ್ಜಿಯಲ್ಲಿ ಹತ್ತು ವರ್ಷದ ನಡಾವಳಿ, ತೆರಿಗೆ ರಿಜಿಸ್ಟರು, ಪರವಾನಗಿ ವಹಿ ಎಲ್ಲ ಒಟ್ಟಿಗೆ ಕೇಳಿ ಎರಡು ಪುಟ ಬರೆದಿದ್ದೆ. ಒಂದೇ ವಿಷಯ ಇರಬೇಕು, 150 ಪದ ದಾಟಬಾರದು ಅಂತ ವಾಪಸ್ಸು ಬಂತು. ಎರಡನೆಯದನ್ನು ನಾಲ್ಕೇ ಸಾಲಿನಲ್ಲಿ ಬರೆದೆ: ಮೂರು ವರ್ಷದ ಸಾಮಾನ್ಯ ಸಭೆಗಳ ನಡಾವಳಿ, ಕಟ್ಟಡ ಪರವಾನಗಿಗೆ ಸಂಬಂಧಿಸಿದ ಪುಟ ಮಾತ್ರ. 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ. ನಾಲ್ಕು ಪಂಚಾಯಿತಿ ಸೇರಿ ಆರುನೂರು ಚಿಲ್ಲರೆ ಪುಟ, ಹತ್ತಿರ ಹತ್ತಿರ 1,300 ರೂಪಾಯಿ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಒಳ್ಳೆ ಹೂಡಿಕೆ ಮಾಡಿಲ್ಲ.

ಮಳೆ ಹೊಯ್ಯುತ್ತಿತ್ತು, ಹಂಡೆ ಒಲೆ ಪಕ್ಕ ಕೂತು ಓದಿದೆ. ಮೊದಲ ನೂರು ಪುಟ ಬೇಸರ. ಆಮೇಲೆ ಒಂದೊಂದೇ ಭಾಷೆ ಬಿಡಿಸಿಕೊಳ್ಳತೊಡಗಿತು. "ಷರತ್ತಿಗೊಳಪಟ್ಟು ಪರವಾನಗಿ ನೀಡಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು" ಅಂತ ಇದ್ದರೆ ವಾರದೊಳಗೆ ಲೈಸೆನ್ಸ್ ಕೈಗೆ. "ನಿಯಮಾನುಸಾರ ಕ್ರಮ ವಹಿಸಲು ತೀರ್ಮಾನಿಸಿತು" ಅಂದರೆ ಎಲ್ಲರೂ ಕೈ ತೊಳೆದುಕೊಂಡರು ಅಂತ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮುಟ್ಟುವುದಿಲ್ಲ, ಸದಸ್ಯರು ಕೇಳುವುದಿಲ್ಲ. "ಸ್ಥಳ ಪರಿಶೀಲಿಸಿ ಮುಂದಿನ ಸಭೆಗೆ ಮಂಡಿಸುವುದು" ಅಂದರೆ ಒಬ್ಬ ಸದಸ್ಯರಿಗೆ ಏನೋ ಅನುಮಾನ ಬಂದಿದೆ, ಹೆಸರು ಹೇಳಲು ಇಷ್ಟವಿಲ್ಲ. ಪಕ್ಷ, ಜಾತಿ, ಲಂಚ ಅಂತ ನಾವು ಏನೇನೋ ಕಥೆ ಕಟ್ಟುತ್ತೇವಲ್ಲ, ಸುಮಾರು ಇನ್ನೂರು ಅರ್ಜಿಗಳಲ್ಲಿ ಖಡಾಖಂಡಿತ ತಿರಸ್ಕಾರ ಆಗಿದ್ದು ಹತ್ತೋ ಹನ್ನೆರಡೋ. ಅರವತ್ತಕ್ಕೂ ಮಿಕ್ಕಿ ಮುಂದಕ್ಕೆ ಹೋದವು. ನಮ್ಮ ದುಡ್ಡು, ಕಟ್ಟಡ ಕಟ್ಟಿಸುವ ಪಾರ್ಟಿಯ ತಾಳ್ಮೆ ಎರಡನ್ನೂ ತಿನ್ನುವುದು ಈ ಮುಂದೂಡಿಕೆ.

ಮುಂದೂಡಿದ ಕಾರಣಗಳನ್ನು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಿದೆ. ಮನೆ ಕಂದಾಯ ಬಾಕಿ ಒಂದು. 11ಇ ನಕ್ಷೆಯ ಅಳತೆಗೂ ನನ್ನಂಥವನು ಬರೆದ ಪ್ಲಾನಿನ ಅಳತೆಗೂ ಒಂದೆರಡು ಅಡಿ ವ್ಯತ್ಯಾಸ ಇನ್ನೊಂದು. ಇವೆರಡು ಎಲ್ಲರಿಗೂ ಗೊತ್ತು. ನನಗೆ ಗೊತ್ತಿಲ್ಲದ್ದು, ಎಲ್ಲಕ್ಕಿಂತ ಹೆಚ್ಚು ಗೀಟು ಬಿದ್ದದ್ದು, ಸೂರಿನ ನೀರು. ಹೊಸ ಮನೆಯ ಸೂರಿನ ನೀರು ಪಕ್ಕದವರ ಅಂಗಳಕ್ಕೆ ಬೀಳುತ್ತದೆ, ಅಥವಾ ಅಡಿಕೆ ತೋಟದ ಕಾದಿಗೆಗೆ (ನೀರು ಬಸಿಯುವ ಕಾಲುವೆಗೆ) ಮಣ್ಣು ಎಳೆಯುತ್ತದೆ, ಅಥವಾ ದನ ಹೋಗುವ ದಾರಿಗೆ ಹೊಂಡ ಬೀಳುತ್ತದೆ. ನಮ್ಮ ಸೀಮೆಯ ಮಳೆಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಆದರೆ ನಾನು ಹತ್ತು ವರ್ಷದಲ್ಲಿ ಬರೆದ ಯಾವ ಪ್ಲಾನಿನಲ್ಲೂ ಸೂರಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಂದು ಬಾಣದ ಗುರುತೂ ಇರಲಿಲ್ಲ. ಸೆಪ್ಟಿಕ್ ಟ್ಯಾಂಕ್ ಸೆಕ್ಷನ್ ಇತ್ತು, ಕೇಳಿದವರು ಯಾರೂ ಇಲ್ಲ.

ಆಗ ಮಾಡಿದ್ದೇ ಈಗ ನಾನು "ಊರ ನಕ್ಷೆ" ಅನ್ನುವ ಹಾಳೆ. ಆಟೋಕ್ಯಾಡಿನ ಪ್ಲಾನಿನ ಮೇಲೆ ಒಂದು ಎ4 ಹಾಳೆ ಪಿನ್ ಮಾಡುತ್ತೇನೆ, ಕೈಯಲ್ಲೇ ಬರೆದದ್ದು. ಅದರಲ್ಲಿ ಅಳತೆ ಕಡಿಮೆ. ಭೂತನ ಕಟ್ಟೆ, ಬೋರ್‌ವೆಲ್, ಹಲಸಿನ ಮರ, ಪಕ್ಕದ ನಾಲ್ಕು ಮನೆ ಯಾರದ್ದು, ದನದ ದಾರಿ ಎಲ್ಲಿ, ಸೂರಿನ ನೀರು ಯಾವ ಚರಂಡಿಗೆ. ನೀರಿಗೆ ನೀಲಿ ಪೆನ್ನು, ದಾರಿಗೆ ಕೆಂಪು. ಪ್ಲಾನು ನೋಡಿ ತಲೆಯಾಡಿಸುವ ಸದಸ್ಯರಿಗೆ ಪ್ಲಾನು ಓದಲು ಬರುವುದಿಲ್ಲ, ಅದನ್ನು ಸಭೆಯಲ್ಲಿ ಹೇಳುವುದಕ್ಕೆ ಮರ್ಯಾದೆ ಅಡ್ಡ ಬರುತ್ತದೆ, ಅದಕ್ಕೇ "ಸ್ಥಳ ನೋಡಿ ಹೇಳೋಣ" ಅನ್ನುತ್ತಾರೆ. ಈ ಹಾಳೆ ಕೈಗೆ ಕೊಟ್ಟ ಮೊದಲ ಸಭೆಯಲ್ಲೇ ಒಬ್ಬ ಹಿರಿಯ ಸದಸ್ಯೆ ಬೆರಳಿಟ್ಟು, "ಇದು ನಮ್ಮನೆ ಬಚ್ಚಲು ನೀರು ಹೋಗೋ ಕಡೆ ಅಲ್ದನಾ? ಹಂಗಾರೆ ತೊಂದ್ರೆ ಇಲ್ಲೆ, ಕೊಡಿ" ಅಂದರಂತೆ. ಕಡತ ಆರು ತಿಂಗಳಿಂದ ಅಲ್ಲೇ ಕೊಳೆಯುತ್ತಿತ್ತು.

ಪೇಟೆಯ ಹಿರಿಯ ಇಂಜಿನಿಯರೊಬ್ಬರು ಇದನ್ನು ನೋಡಿ "ಇದೇನು, ನಾಲ್ಕನೇ ಕ್ಲಾಸಿನ ಮಗು ಬರೆದ ಹಾಗಿದೆ, ನಮ್ಮ ವೃತ್ತಿ ಮರ್ಯಾದೆ ತೆಗೀಬೇಡ" ಅಂದಿದ್ದರು. ಹೋದ ತಿಂಗಳು ಅವರ ಹುಡುಗನೇ ಬಂದು ನೀಲಿ ಪೆನ್ನು ಯಾವ ಕಂಪನಿಯದು ಅಂತ ಕೇಳಿಕೊಂಡು ಹೋದ.

ಇನ್ನು ಸಮಯದ ವಿಚಾರ. ಸಾಮಾನ್ಯ ಸಭೆಯ ನೋಟಿಸು ಏಳು ದಿನ ಮೊದಲೇ ಹೊರಡಬೇಕು, ವಿಷಯ ಸೂಚಿ ಅದರ ಜೊತೆಗೇ ಹೋಗುತ್ತದೆ. ನೋಟಿಸು ಹೊರಟ ಮರುದಿನ ಅರ್ಜಿ ಕೊಟ್ಟರೆ ನಿಮ್ಮ ಕಡತ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ"ಕ್ಕೆ ಬೀಳುತ್ತದೆ. ಅಷ್ಟು ಹೊತ್ತಿಗೆ ಊಟದ ಸಮಯ, ಅರ್ಧ ಜನ ಎದ್ದು ಹೋಗಿ ಕೋರಂ ಇರುವುದಿಲ್ಲ. ಸೂಚಿಯಲ್ಲಿ ಮೊದಲ ಆರೇಳು ವಿಷಯದೊಳಗೆ ಬರಬೇಕು. ಹೇಗೆ ಬರುವುದು ಅನ್ನುವುದೇ ನಾನು ಹೇಳದೆ ಇಟ್ಟುಕೊಳ್ಳುವ ಒಂದು ಗುಟ್ಟು. ದುಡ್ಡಿನದಲ್ಲ, ಇಷ್ಟು ಮಾತ್ರ ಹೇಳಬಲ್ಲೆ. ಟಪಾಲಿಗೂ ಬಿಲ್ ಕಲೆಕ್ಟರ್ ಸಂಬಳದ ದಿನಕ್ಕೂ ಸಂಬಂಧ ಇದೆ.

ಸ್ಥಳ ಪರಿಶೀಲನೆಗೆ ಬರುವ ಮೊದಲು ಸುಣ್ಣದ ಗೆರೆ ಎಳೆಯುತ್ತೇನೆ. ಇದು ನನ್ನ ಬುದ್ಧಿಯಲ್ಲ. ಹಳ್ಳಿಯ ಮನೆ ಜಾಗಗಳನ್ನು ಅಳೆಯುವ ಸ್ವಾಮಿತ್ವ ಯೋಜನೆಯ ಡ್ರೋನ್ ಹಾರಿಸಲು ಬಂದಾಗ ಮನೆಗಳ ಸುತ್ತ ಸುಣ್ಣ ಎಳೆದಿದ್ದರಲ್ಲ, ಅದನ್ನು ನೋಡಿ ಕಲಿತದ್ದು. ಬಂದವರಿಗೆ ಕಟ್ಟಡ ಎಲ್ಲಿ ನಿಲ್ಲುತ್ತದೆ ಅಂತ ಟೇಪು ಹಿಡಿಯದೆ ಕಾಣುತ್ತದೆ, ಐದು ನಿಮಿಷದಲ್ಲಿ ವರದಿ. ಮೊದಲ ಸಲ ಜೂನಿನಲ್ಲಿ ಎಳೆದು, ರಾತ್ರಿ ಮಳೆಗೆ ಎಲ್ಲ ತೊಳೆದು, ಬೆಳಿಗ್ಗೆ ಪಿಡಿಒ ಬಂದಾಗ ಹುಲ್ಲು ಮಾತ್ರ ಇತ್ತು. ಈಗ ಎರಡು ಮಳೆ ತಡೆಯುವ ಹಾಗೆ ಒಂದು ವಸ್ತು ಬೆರೆಸುತ್ತೇನೆ, ಅಡುಗೆಮನೆಯಲ್ಲೇ ಸಿಗುವಂಥದ್ದು. ನೀವೇ ಹುಡುಕಿ.

ನಡುವೆ ಬೇಡದ ಪ್ರಯೋಗಗಳನ್ನೂ ಮಾಡಿದೆ. ಅಳಿಯ ಬೆಂಗಳೂರಿನಲ್ಲಿ ತ್ರೀಡಿ ಚಿತ್ರ ಮಾಡುತ್ತಾನೆ. ಒಂದು ಮನೆಗೆ ಬಣ್ಣದ ಚಿತ್ರ ಹಾಕಿಸಿ, 1,500 ಖರ್ಚು ಮಾಡಿ ಕಡತದಲ್ಲಿ ಇಟ್ಟೆ. ಚಿತ್ರದಲ್ಲಿ ಮನೆ ಮುಂದೆ ಅವನು ಒಂದು ಕೆಂಪು ಕಾರು, ಎರಡು ಆರಾಮ ಕುರ್ಚಿ, ಗಾಜಿನ ಬಾಗಿಲು ಇಟ್ಟುಬಿಟ್ಟಿದ್ದ. ಸಭೆಯಲ್ಲಿ "ಇದು ಮನೆ ಅಲ್ಲ, ಹೋಂಸ್ಟೇ" ಅಂತ ಗಲಾಟೆ. ಪಾಪ, ಮನೆಯವರಿಗೆ ಮೂರು ಎಮ್ಮೆ ಬಿಟ್ಟರೆ ಬೇರೆ ಅತಿಥಿಗಳಿಲ್ಲ. ಅದನ್ನು ಸರಿಮಾಡಲು ಎರಡು ಸಭೆ ಹಿಡಿಯಿತು. ಹಿಟ್ಟಿನ ಗಿರಣಿಗೂ ಊರ ನಕ್ಷೆ ಬರೆದು ನೋಡಿದೆ. ಯಂತ್ರ ಕೂರಿಸುವ ಅನುಮತಿ 66ನೇ ಪ್ರಕರಣದಲ್ಲಿ ಬೇರೆಯೇ ಬರುತ್ತದೆ, ಅಲ್ಲಿ ನೀರಿನ ಬದಲು ಸದ್ದಿನ ತಕರಾರು. ಸದ್ದಿಗೆ ಬಾಣ ಎಳೆಯುವುದು ಹೇಗೆ? ಕೊನೆಗೆ ಗಿರಣಿ ಎಷ್ಟರಿಂದ ಎಷ್ಟರವರೆಗೆ ಓಡುತ್ತದೆ ಅಂತ ಹಾಳೆಯಲ್ಲಿ ಗಡಿಯಾರ ಬರೆದೆ. ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿಯ ಪರೀಕ್ಷೆ ತಿಂಗಳು ಬಿಟ್ಟು. ಅದು ಪಾಸಾಯಿತು. ಎರಡನೆಯ ಗಿರಣಿಗೆ ಅದೇ ಗಡಿಯಾರ ಕೆಲಸ ಮಾಡಲಿಲ್ಲ. ಯಾಕೆ ಅಂತ ಇನ್ನೂ ನೋಡುತ್ತಿದ್ದೇನೆ.

ಲೆಕ್ಕ ಹೇಳಬೇಕಲ್ಲ. ಎರಡೂವರೆ ವರ್ಷದಲ್ಲಿ ನಲವತ್ತರ ಮೇಲೆ ಒಂದೆರಡು ಕಡತ. ಮೂವತ್ತೈದರಷ್ಟು ಮೊದಲ ಸಭೆಯಲ್ಲೇ ಆದವು. ಮೊದಲು ಸರಾಸರಿ ಐದಾರು ತಿಂಗಳು ಹಿಡಿಯುತ್ತಿದ್ದದ್ದು ಈಗ ಒಂದೂವರೆ ತಿಂಗಳು, ಚುನಾವಣೆ ನೀತಿ ಸಂಹಿತೆ ಅಡ್ಡ ಬಂದರೆ ಎರಡೂವರೆ. ನನ್ನ ಫೀಸು ಕಡತಕ್ಕೆ 6 ಸಾವಿರ, ಊರ ನಕ್ಷೆಗೆ 500 ಮೇಲೆ. "ಇತರೆ ಖರ್ಚು" ಸಾಲು ಅಂದಾಜು ಪಟ್ಟಿಯಿಂದ ಹೋಯಿತು. ಪಾರ್ಟಿಗಳಿಗೆ ಮೊದಮೊದಲು ಅದೇ ಅನುಮಾನ: "ಏನೂ ಕೊಡೋದಿಲ್ವಾ? ಹಂಗಾದ್ರೆ ಆಗತ್ತಾ?" ಒಬ್ಬರು ನನ್ನ ಮೇಲೆ ನಂಬಿಕೆ ಬರದೆ ಕಡತ ವಾಪಸ್ಸು ತಗೊಂಡು ಬೇರೆಯವರಿಗೆ 18 ಸಾವಿರ ಕೊಟ್ಟರು. ಅವರದು ಇನ್ನೂ "ನಿಯಮಾನುಸಾರ ಕ್ರಮ"ದಲ್ಲಿದೆ.

ಕೈಗೆ ಸಿಗದ ಕಡತಗಳೂ ಇವೆ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆದಾಗ ಮುಳುಗಡೆಯಾಗಿ ಎದ್ದು ಬಂದವರ ಮೊಮ್ಮಕ್ಕಳು ಇಬ್ಬರು ನನ್ನ ಹತ್ತಿರ ಬಂದಿದ್ದಾರೆ. ಅಜ್ಜ ಕಟ್ಟಿದ ಮನೆ ಬೀಳುತ್ತಿದೆ, ಹೊಸದು ಕಟ್ಟಬೇಕು, ಪಹಣಿಯಲ್ಲಿ ಅರಣ್ಯ ಅಂತಿದೆ. ಊರ ನಕ್ಷೆಯಲ್ಲಿ ಎಲ್ಲ ಬರೆದೆ: ಬಾವಿ, ತುಳಸಿ ಕಟ್ಟೆ, ಅಜ್ಜ ನೆಟ್ಟ ಮಾವು. ಸಭೆಯಲ್ಲಿ ಎಲ್ಲರೂ ನೋಡಿದರು, ಯಾರೂ ಬೇಡ ಅನ್ನಲಿಲ್ಲ. ನಡಾವಳಿಯಲ್ಲಿ ಮಾತ್ರ "ಮೇಲಧಿಕಾರಿಗಳ ಮಾರ್ಗದರ್ಶನ ಕೋರಲು" ಅಂತ ಬಂತು. ಈ ವಾಕ್ಯ ನನ್ನ ಆರುನೂರು ಪುಟದಲ್ಲಿ ಇನ್ನೂ ಏಳು ಕಡೆ ಇದೆ. ಏಳರಲ್ಲಿ ಎರಡಕ್ಕೆ ಉತ್ತರ ಬಂದಿದೆ, ಆ ಎರಡು ಕಡತದ ನಕಲಿಗೆ ಸೋಮವಾರ 10 ರೂಪಾಯಿ ಕಟ್ಟಿ ಬಂದಿದ್ದೇನೆ.