ಜಿಯೋಲೈಟ್‌ಗೆ ಕಬ್ಬಿಣ ಸೇರಿಸುವಾಗ ನಾನು ನೋಡುವುದು ಬಣ್ಣ

ಜಿಯೋಲೈಟ್ ಎಂದರೆ ಅಣುಗಾತ್ರದ ರಂಧ್ರಗಳಿರುವ, ಸಿಲಿಕಾ ಮತ್ತು ಅಲ್ಯುಮಿನಿಯಂ ಚೌಕಟ್ಟಿನ ಹರಳು. ಅದರಲ್ಲೊಂದು ಬಗೆಯಾದ ಝಡ್‌ಎಸ್‌ಎಂ-5 ಮಾಡುವಾಗ ಅಲ್ಯುಮಿನಿಯಂ ಅಷ್ಟೇನೂ ಕಾಟ ಕೊಡುವುದಿಲ್ಲ. ಕ್ಷಾರದಲ್ಲಿ ಅಲ್ಯುಮಿನೇಟ್ ಆಗಿ ಕರಗಿಕೊಂಡೇ ಇರುತ್ತದೆ. ಅದರ ಜಾಗಕ್ಕೆ ಕಬ್ಬಿಣ ತರಬೇಕೆಂದರೆ ಕತೆಯೇ ಬೇರೆ. ಫೆರಿಕ್ ನೈಟ್ರೇಟನ್ನು ನೇರವಾಗಿ ಸೋಡಿಯಂ ಸಿಲಿಕೇಟ್‌ಗೆ ಸುರಿದರೆ ಕಂದು ಹೈಡ್ರಾಕ್ಸೈಡ್ ಒತ್ತರಿಸಿ ಬೀಳುತ್ತದೆ. ಹಾಗೆ ಬಿದ್ದ ಕಬ್ಬಿಣ ಆಟೋಕ್ಲೇವ್‌ನಲ್ಲಿ (ಒತ್ತಡ ತಡೆಯುವ ಮುಚ್ಚಿದ ಪಾತ್ರೆಯಲ್ಲಿ) ಎಷ್ಟು ಬೆಂದರೂ ಹರಳಿನ ಚೌಕಟ್ಟಿಗೆ ಸೇರುವುದು ಕಷ್ಟ.

ಅದಕ್ಕೇ ನಾನು ಸುರಿಯುವ ಕ್ರಮವನ್ನು ತಿರುಗಿಸುತ್ತೇನೆ. ಫೆರಿಕ್ ನೈಟ್ರೇಟನ್ನು ನೀರು ಬೆರೆಸಿ ತೆಳುವಾಗಿಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಜೋರಾಗಿ ಕಲಕುತ್ತಾ ಸಿಲಿಕೇಟನ್ನು ಹನಿಹನಿಯಾಗಿ ಬಿಡುವುದು. ಪಿಎಚ್ 4 ದಾಟಬಾರದು. ಆಮ್ಲದಲ್ಲೇ ಕಬ್ಬಿಣಕ್ಕೂ ಸಿಲಿಕಾಕ್ಕೂ ನಂಟು ಕುದುರಿದರೆ, ಆಮೇಲೆ ಕ್ಷಾರ ಹಾಕಿದಾಗ ಕಬ್ಬಿಣ ಬಿಟ್ಟು ಓಡುವುದಿಲ್ಲ. ಜೆಲ್ ತಿಳಿ ಹಳದಿಯಿಂದ ಬಿಳಿಯತ್ತ ಬರಬೇಕು. ಒಂದೇ ಒಂದು ಕಂದು ಚುಕ್ಕೆ ಕಂಡರೂ ಆ ಬ್ಯಾಚನ್ನು ಮುಂದೆ ಒಯ್ಯುವುದಿಲ್ಲ. ಆಮೇಲೆ ಟೆಂಪ್ಲೇಟ್, ಅಂದರೆ ಹರಳಿನ ರಂಧ್ರಗಳಿಗೆ ಅಚ್ಚಾಗುವ ಟೆಟ್ರಾಪ್ರೊಪೈಲ್ ಅಮೋನಿಯಂ ಬ್ರೋಮೈಡ್, ಟೆಫ್ಲಾನ್ ಒಳಪದರದ ಆಟೋಕ್ಲೇವ್, 170 ಡಿಗ್ರಿ ಸೆಲ್ಸಿಯಸ್.

ಇಲ್ಲಿ ತಾಳ್ಮೆ ಬೇಕು. ಕಬ್ಬಿಣದ ಪ್ರಮಾಣ ಏರಿಸಿದಷ್ಟೂ ಹರಳುಗಟ್ಟುವುದು ನಿಧಾನ. Fe³⁺ ಅಯಾನು Si⁴⁺ಗಿಂತ ಎಷ್ಟೋ ದೊಡ್ಡದು, Fe–O ಬಂಧವೂ ಉದ್ದ. ಚೌಕಟ್ಟು ಅದನ್ನು ಒಲ್ಲದ ಮನಸ್ಸಿನಿಂದಲೇ ಒಳಗೆ ಬಿಟ್ಟುಕೊಳ್ಳುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತೋರುವ ಎಕ್ಸ್‌-ಕಿರಣ ಪರೀಕ್ಷೆಯಲ್ಲಿ) 23 ಡಿಗ್ರಿ ಕೋನದ ಸುತ್ತಲಿನ ಶಿಖರಗಳು ಚೂಪಾಗುವ ಮೊದಲೇ ತೆಗೆದರೆ ಅರ್ಧ ಜೆಲ್ ಹಾಗೇ ಉಳಿದಿರುತ್ತದೆ. ಇನ್ನೊಂದು ಮಾತು: ಅಂಗಡಿಯ ವಾಟರ್‌ಗ್ಲಾಸ್‌ನಲ್ಲಿ, ಅಂದರೆ ಸೋಡಿಯಂ ಸಿಲಿಕೇಟ್ ದ್ರಾವಣದಲ್ಲಿ, ಅಲ್ಯುಮಿನಿಯಂ ಕಲಬೆರಕೆ ಇರುತ್ತದೆ. ‘ಬರೀ ಕಬ್ಬಿಣದ’ ಜಿಯೋಲೈಟ್ ಎಂದು ಹೇಳಿಕೊಳ್ಳುವ ಮೊದಲು ಶುದ್ಧ ಸಿಲಿಕಾ ಮೂಲವಾದ ಟಿಇಒಎಸ್‌ನಿಂದ (ಟೆಟ್ರಾಈಥೈಲ್ ಆರ್ಥೋಸಿಲಿಕೇಟ್) ಒಮ್ಮೆ ಮಾಡಿ ನೋಡುವುದು ಮರ್ಯಾದೆ.

ನಿಜವಾದ ಪರೀಕ್ಷೆ ಕ್ಯಾಲ್ಸಿನೇಶನ್, ಅಂದರೆ ಗಾಳಿಯಲ್ಲಿ ಕಾಯಿಸಿ ಟೆಂಪ್ಲೇಟನ್ನು ಸುಟ್ಟು ತೆಗೆಯುವುದು. ಟೆಂಪ್ಲೇಟ್ ಉರಿಯುವಾಗ ಶಾಖದ ಜತೆ ನೀರೂ ಹುಟ್ಟುತ್ತದೆ, ಆ ಹಬೆಯೇ ಕಬ್ಬಿಣವನ್ನು ಚೌಕಟ್ಟಿನಿಂದ ಕಿತ್ತು ಹಾಕುವುದು. ಆದ್ದರಿಂದ ಪುಡಿಯನ್ನು ತೆಳ್ಳಗೆ ಹರಡಿ, ಒಣ ಗಾಳಿ ಹಾಯಿಸುತ್ತಾ, ನಿಮಿಷಕ್ಕೆ 1 ಡಿಗ್ರಿಯಂತೆ 550ಕ್ಕೆ ಏರಿಸುತ್ತೇನೆ. ಹೊರಗೆ ತೆಗೆದಾಗಲೂ ಬಿಳಿಯಾಗಿದ್ದರೆ ಕಬ್ಬಿಣ ತನ್ನ ಜಾಗದಲ್ಲಿದೆ ಎಂದು ನಂಬಬಹುದು. ಯುವಿ-ವಿಸಿಬಲ್ ಪರೀಕ್ಷೆಯಲ್ಲಿ ಬೆಳಕಿನ ಹೀರಿಕೆಯೆಲ್ಲ 300 ನ್ಯಾನೊಮೀಟರ್‌ಗಿಂತ ಕೆಳಗೇ ಇದ್ದರೆ ಆ ನಂಬಿಕೆ ಇನ್ನಷ್ಟು ಗಟ್ಟಿ. 450ರ ಆಚೆ ಏನಾದರೂ ಏರಿದರೆ ಆಕ್ಸೈಡ್ ಕಣ ಕಟ್ಟಿದೆ ಎಂದರ್ಥ.

ಹಾಗೆಂದು ಹೊರಬಿದ್ದ ಕಬ್ಬಿಣವೆಲ್ಲ ದಂಡವಲ್ಲ. ನೈಟ್ರಸ್ ಆಕ್ಸೈಡ್‌ನಿಂದ ಬೆಂಜೀನನ್ನು ಫೀನಾಲ್ ಮಾಡುವ ಕೆಲಸಕ್ಕೆ ಬೇಕಾದದ್ದೇ ಚೌಕಟ್ಟು ಬಿಟ್ಟು ರಂಧ್ರಗಳಲ್ಲಿ ಕೂತ ಕಬ್ಬಿಣ. ಅಂಥ ಬ್ಯಾಚಿಗೆ ನಾನೇ ಬೇಕೆಂದು ಹಬೆ ಹಾಯಿಸುತ್ತೇನೆ, ಪುಡಿ ತುಸು ಕಂದಾಗುವವರೆಗೆ.